ಹಿಡಿ

ವಲೇರಿಯನ್ ಪಾಯ್ಸರ ಹೆಸರು
ಅವರು ಮಾಡಿದ ಯಾವುದರ ಮೇಲೂ ಇಲ್ಲ.
ಬೋಳಾರದ ಹಂಚಿಗಾದರೂ ಬೆನ್ನಿಗೊಂದು ಮುದ್ರೆ ಇರುತ್ತದೆ,
ಊರು, ಇಸವಿ, ಒಂದು ಆನೆಯೋ ನಕ್ಷತ್ರವೋ.
ಇವರದು ಬರೀ ಹಿಡಿ.
ಸಟ್ಟುಗದ ಹಿಡಿ, ಬಕೆಟಿನ ಹಿಡಿ,
ಸಿಟಿ ಬಸ್ಸಿನ ಮೆಟ್ಟಿಲ ಪಕ್ಕದ ಕಂಬಿ,
ಹಂಪನಕಟ್ಟೆಯ ತಿರುವಿನಲ್ಲಿ ನೀವು ಜೋತುಬಿದ್ದಾಗ
ಬೆವರಿದ ಅಂಗೈಗೂ ಜಾರಲಿಲ್ಲವಲ್ಲ,
ಅದು.

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಅಚ್ಚು ಕೆತ್ತುವವರು.
ಇವರು ಎಂಟನೇ ಕ್ಲಾಸು ಬಿಟ್ಟು ಅದೇ ಮಣ್ಣು ತುಳಿದವರು.
ಹಂಚು ನೀರಿಗೆ ದಾರಿ ಬಿಡಬೇಕು, ಹಿಡಿ ಕೈಗೆ,
ಅದಕ್ಕಿಂತ ದೊಡ್ಡ ವಿದ್ಯೆ ನನ್ನಲ್ಲಿಲ್ಲ ಅನ್ನುತ್ತಿದ್ದರು,
ಕಾಲೇಜಿನ ಹುಡುಗರು ನೋಟ್‌ಬುಕ್ ಹಿಡಿದು ಬಂದಾಗ.

ಜೆಪ್ಪುವಿನ ಶೆಡ್ಡಿಗೆ ಯಾರೇ ಬರಲಿ
ಚಹಾಕ್ಕೆ ಮೊದಲು ಒಂದು ಮುದ್ದೆ ಹಸಿ ಜೇಡಿಮಣ್ಣು.
ಮನೆಮಾತು ನೋಡಿ ಹೇಳುವರು:
ಧರ್. ಪತ್ತ್‌ಲೆ. ಹಿಡಿ.
ಕೆಲಸಕ್ಕೂ ಸಾಮಾನಿಗೂ ಒಂದೇ ಹೆಸರಿಟ್ಟಿದೆ ನಿಮ್ಮ ಕನ್ನಡ,
ಜಿಪುಣ ಭಾಷೆ, ಅಂತ ನಗುವರು.
ಅಮುಕಿದ್ದನ್ನು ಮೆಲ್ಲಗೆ ಬಿಡಿಸಿ, ಗೂಡಿನಲ್ಲಿ ಸುಟ್ಟು,
ಹಲಗೆಯ ಮೇಲೆ ಸಾಲಿಗಿಟ್ಟು, ಕೆಳಗೆ ಪೆನ್ಸಿಲಿನಲ್ಲಿ:
ಗುಲಾಬಿ, ಬಂದರು, ಬಂಗುಡೆ ಬುಟ್ಟಿ.
ಇದಿನಬ್ಬ, ಗೋಣಿ ಕೊಕ್ಕೆ.
ಕಂಡಕ್ಟರ್ ಸಂಜೀವ, ಎಡಗೈ.

ತಪ್ಪದವರೇನಲ್ಲ.
ಒಂದು ಕೆಟಲು ಮೂತಿಯಿಂದ ಹಿಂದಕ್ಕೆ ಸೋರುತ್ತಿತ್ತು.
ಮಾರಿದ ನಲವತ್ತಮೂರನ್ನೂ ಸೈಕಲ್ಲಿನಲ್ಲಿ ಹೋಗಿ
ಮನೆಮನೆಯಿಂದ ಹಿಂದೆ ಕೊಂಡರು. ಒಂದು ಸಿಗಲಿಲ್ಲ.
ಪಾಂಡೇಶ್ವರದ ಕಡೆ ಯಾರದೋ ಮೇಜು ಈಗಲೂ ಒದ್ದೆ ಮಾರಾಯ್ರೆ,
ಸಾಯುವ ವಾರವೂ ಅದೇ ಮಾತು.

ನನ್ನಮ್ಮ ಮುತ್ತಕ್ಕ ಗೇರುಬೀಜ ಕಾರ್ಖಾನೆಯವಳು.
ಹೆಬ್ಬೆರಳ ತುದಿಯನ್ನು ಬೀಜ ಒಡೆಯುವ ಮೆಷಿನ್ನು ತಿಂದಮೇಲೆ
ಸಿಪ್ಪೆ ಸುಲಿಯುವ ಸಾಲಿಗೆ ಕೂರಿಸಿದರು.
ಚೂರಿ ಕೈಯಲ್ಲಿ ತಿರುಗುತ್ತಿತ್ತು,
ಪರಪ್ಪು ತುಂಡಾದರೆ ಕೂಲಿಯೂ ತುಂಡು.
ಪಾಯ್ಸರು ಹನ್ನೊಂದು ಮರದ ಹಿಡಿ ಕೆತ್ತಿ ಕೊಟ್ಟರು.
ಹತ್ತನ್ನು ಅಮ್ಮ ಒಲೆಗೆ ಹಾಕಿದಳು,
ಅವರಿಗೆ ಹೇಳಿಯೇ ಹಾಕಿದಳು.
ಹನ್ನೊಂದನೆಯದರ ಒಂದು ಬದಿಗೆ ಸಣ್ಣ ತಗ್ಗು,
ಮೋಟು ಹೆಬ್ಬೆರಳು ಅದರಲ್ಲಿ
ಬೆಕ್ಕು ಮಡಿಲಲ್ಲಿ ಕೂತಹಾಗೆ ಕೂತಿತು.
ಅಮ್ಮ ಚೆಂದವಾಗಿದೆ ಅನ್ನಲಿಲ್ಲ,
ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು.

ಬೈಕಂಪಾಡಿಯವರು ಅದನ್ನು ಪ್ಲಾಸ್ಟಿಕ್ಕಿಗೆ ಇಳಿಸಿದರು,
ಬೈಕಂಪಾಡಿಯದನ್ನು ನೋಡಿ ರಾಜ್‌ಕೋಟಿನವರು.
ಈಗ ಮಾರ್ಕೆಟ್ಟಿನ ಟಾರ್ಪಾಲಿನ ಮೇಲೆ
ಹಳದಿ, ಹಸಿರು, ಇಪ್ಪತ್ತು ರೂಪಾಯಿಗೆ ರಾಶಿ.
ಬೀನ್ಸು ಹೆಚ್ಚುವ ಯಾರದೋ ಇಡೀ ಹೆಬ್ಬೆರಳು
ಆ ತಗ್ಗಿಗೆ ಬಂದು ಕೂರುತ್ತದೆ,
ತನ್ನ ಅಳತೆಗೇ ಮಾಡಿದ್ದು ಅಂದುಕೊಂಡು.
ಇರಲಿ.

ಸಿಮಿತ್ರಿಯಲ್ಲಿ ಒಂದೊಂದು ಹಿಡಿ ಮಣ್ಣು ಹಾಕಿದೆವು.
ಹಾಕುವ ಮೊದಲು ನಾನು ಅಮುಕಿ ನೋಡಿದೆ.
ಮುರಮಣ್ಣು, ಆಕಾರ ನಿಲ್ಲಲಿಲ್ಲ.

ತಿಂಗಳು ಕಳೆದು ಮಗಳು ನೊಯೆಲಿನ್ ಫೋನು ಮಾಡಿದರು:
ಪಪ್ಪನ ಈ ಸುಟ್ಟ ಮುದ್ದೆಗಳನ್ನು ಏನು ಮಾಡಲಿ,
ಗೇಟಿನ ದಾರಿಗೆ ಹಾಸಿಬಿಡಲೇ?
ಹೋದೆ. ಧೂಳು ಒರೆಸುತ್ತ ಮೂರನೇ ಹಲಗೆಯಲ್ಲಿ ಸಿಕ್ಕಿತು:
ಮುತ್ತಕ್ಕ, ಗೇರು, ಬಲಗೈ.

ಅಮ್ಮ ತೀರಿ ಹದಿನಾಲ್ಕು ವರ್ಷ.
ಅವಳ ಬೆರಳಿದ್ದಲ್ಲಿ ನನ್ನ ಬೆರಳಿಟ್ಟೆ.
ನಾಲ್ಕೂ ಸರಿಯಾಗಿ ಕೂತವು.
ಹೆಬ್ಬೆರಳಿನ ತಗ್ಗು ಬೇಗ ಮುಗಿಯಿತು.
ಅದು ಮುಗಿದಮೇಲೂ ನನ್ನದು ಇನ್ನೂ ಇಷ್ಟು ಉಳಿದಿತ್ತು,
ಎಲ್ಲಿಡಬೇಕೋ ತಿಳಿಯಲಿಲ್ಲ.